ಅಂಟು ಇದೆ

ಹಡಗಿನಲ್ಲಿ ಬಂದ ರಟ್ಟಿನ ಪೆಟ್ಟಿಗೆಯ ಟೇಪನ್ನು ಸರ್ರನೆ ಸೀಳಿದಾಗ ಮೊದಲು ಹೊರಗೆ ಬರುವುದು ಮಾಲಲ್ಲ, ಗಾಳಿ. ಎಲ್ಲೋ ದೂರದ ಊರಿನಲ್ಲಿ ಯಾರೋ ಪೆಟ್ಟಿಗೆ ಮುಚ್ಚಿದ ಹೊತ್ತಿನ ಗಾಳಿ. ಗೋದಾಮಿನ ಉಳಿದವರಿಗೆ ಅದು ಬರೀ ರಟ್ಟಿನ ವಾಸನೆ. ಚೀಟಿಯಮ್ಮನಿಗೆ ಮಾತ್ರ ಅದರಲ್ಲಿ ಹೊಲ ಕಾಣುತ್ತಿತ್ತು. ಓಟ್ಸ್ ಬಂದ ದಿನ ಮಂಜು ಕವಿದ ಇಳಿಜಾರು. ಮೆಕ್ಕೆಜೋಳದ ಅವಲಕ್ಕಿ ಬಂದ ದಿನ ಆಳೆತ್ತರದ ಹಸಿರು, ಅದರ ನಡುವೆ ತಲೆಗೆ ಬಟ್ಟೆ ಕಟ್ಟಿಕೊಂಡು ಏನೋ ಗುನುಗುತ್ತ ಹೋಗುವ ಒಬ್ಬ ಹೆಂಗಸು. ಚೀಟಿಯಮ್ಮ ಹೀಗೆ ಕಣ್ಣು ಮುಚ್ಚಿ, ಪೆಟ್ಟಿಗೆಗೆ ಮೂಗು ಕೊಟ್ಟು ನಿಂತುಬಿಟ್ಟರೆ ಸಾಹುಕಾರರು ತಮ್ಮ ಗಾಜಿನ ಕೋಣೆಯಿಂದಲೇ ಕೂಗಬೇಕಾಗುತ್ತಿತ್ತು.

"ಚೀಟಿಯಮ್ಮ, ಹೊಲ ಸುತ್ತಿದ್ದು ಸಾಕು, ಗೋದಾಮಿಗೆ ಬನ್ನಿ!"

"ಬಂದೆ ಸಾಹುಕಾರ್ರೇ, ಕೊಯ್ಲು ಮುಗೀತಾ ಬಂತು."

ಇಡೀ ಗೋದಾಮು ನಗುತ್ತಿತ್ತು. ದಿನಾ ಅದೇ ಮಾತು, ದಿನಾ ಅದೇ ನಗು. ಕೆಲಸದ ಜಾಗಗಳು ನಡೆಯುವುದೇ ಇಂಥವುಗಳಿಂದ.

ಅವಳ ಕೆಲಸ ಹೇಳಲು ಸುಲಭ, ಮಾಡಲು ತಲೆನೋವು. ಹೊರದೇಶದಿಂದ ಬಂದ ಯಾವ ಧಾನ್ಯದ ಪೊಟ್ಟಣವೂ ನಮ್ಮ ಮಾತಿನ ಚೀಟಿ ಹಚ್ಚಿಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ. ಒಳಗಿರುವುದೇನು, ಯಾವ್ಯಾವುದು ಬೆರೆತಿದೆ, ಯಾವಾಗಿನವರೆಗೆ ತಿನ್ನಬಹುದು, ಯಾರು ತಿನ್ನಬಾರದು, ಇಷ್ಟನ್ನೂ ಅಂಗೈಯಗಲದ ಕಾಗದದಲ್ಲಿ ಬರೆಯಬೇಕು. ಅಕ್ಷರ ಸರ್ಕಾರ ಹೇಳಿದ ಅಳತೆಗಿಂತ ಸಣ್ಣದಾಗಬಾರದು. ಆಹಾರ ಕಚೇರಿಯ ಅಧಿಕಾರಿ ಅದನ್ನು ಓದಿ ತಲೆಯಾಡಿಸುವವರೆಗೆ ಮಾಲು ಬೀಗದೊಳಗೇ ಕೂತಿರುತ್ತದೆ. ಲೋಕವೆಲ್ಲ ಲೇಬಲ್ ಎನ್ನುವ ಆ ಕಾಗದವನ್ನು ಅವಳೊಬ್ಬಳು ಚೀಟಿ ಎನ್ನುತ್ತಿದ್ದಳು. ಬರೆಯುವವಳೂ ಅವಳೇ, ಅಚ್ಚಾಗಿ ಬಂದ ಮೇಲೆ ಉಳಿದ ಹೆಂಗಸರ ಜೊತೆ ಸಾಲಾಗಿ ಕೂತು ಹಚ್ಚುವವಳೂ ಅವಳೇ. ಅಲ್ಲಿಂದ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಅಂಗಡಿಯವನಿಗೂ ಮರೆತುಹೋಯಿತು.

ಪರದೇಶದ ಮಾತುಗಳನ್ನು ಅವಳು ಪೊಟ್ಟಣಗಳಿಂದಲೇ ಕಲಿತದ್ದು. 'ತಂಪಾದ ಒಣ ಜಾಗದಲ್ಲಿ ಇಡಿ' ಎಂಬುದನ್ನು ನಾಲ್ಕಾರು ಭಾಷೆಗಳಲ್ಲಿ ನೀರು ಕುಡಿದಂತೆ ಹೇಳಿಬಿಡುವಳು. ಅದೇ ದೇಶಗಳಲ್ಲಿ ಅವಳನ್ನು ಇಳಿಸಿದ್ದರೆ ಕುಡಿಯಲು ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಅಕ್ಷರದ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಏಣಿಯ ಕೆಳಗೆ ಬಣ್ಣದ ಡಬ್ಬ ಹಿಡಿದು ನಿಂತ ಮಗಳು ಶಾಲೆಗಿಂತ ಮೊದಲು ಬೀದಿಯಲ್ಲೇ ಓದು ಕಲಿತಳು. 'ಹೊಲಿಗೆ' ಎಂಬ ಪದ ಸೂಜಿಯಷ್ಟು ತೆಳ್ಳಗೆ, 'ಗಡಿಯಾರ' ದುಂಡಗೆ, 'ಹಿಟ್ಟಿನ ಗಿರಣಿ' ಬೆಳ್ಳಗೆ. ಪದಗಳಿಗೆ ಮೈ ಇದೆ, ಬೆಳಗಾಗುವ ಮೊದಲು ಅವು ಬೋರ್ಡಿನಿಂದ ಇಳಿದು ಬೀದಿಯಲ್ಲಿ ಅಡ್ಡಾಡಿ ಬರುತ್ತವೆ ಎಂದು ಅವಳು ಬಹಳ ಕಾಲ ನಂಬಿದ್ದಳು. ದೊಡ್ಡವಳಾದ ಮೇಲೂ ಪೂರ್ತಿ ಬಿಟ್ಟಳೆಂದು ಹೇಳಲಾರೆ.

ತಂಗಿ ತೀರಿಕೊಂಡಾಗ ಅವಳ ಕೂಸು ಇವಳ ಮಡಿಲಿಗೆ ಬಂತು. ಕೂಸಿನ ಅಪ್ಪ ಎನ್ನಿಸಿಕೊಂಡವನು ಬೇರೆ ಸಂಸಾರ ಹೂಡಿ ಕೈ ತೊಳೆದುಕೊಂಡ. ಚೀಟಿಯಮ್ಮನ ಮದುವೆಯ ಮಾತುಗಳು ಅಲ್ಲಿಗೆ ನಿಂತವು, ಅವಳೇನೂ ಅದಕ್ಕಾಗಿ ಕಣ್ಣೀರು ಸುರಿಸಲಿಲ್ಲ. ಮಗು ತಿನ್ನುತ್ತಿದ್ದುದೇ ನಾಲ್ಕು ಕಾಳು. ಅದಕ್ಕೆ ಗುಬ್ಬಿ ಎಂದು ಕರೆದಳು. ತಿಂದ ನಾಲ್ಕು ಕಾಳೂ ಮೈಗೆ ಹತ್ತಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ದೃಷ್ಟಿ ಎಂದರು, ಜಂತುಹುಳ ಎಂದರು, ದೊಡ್ಡಮ್ಮನಿಗೆ ಮಗು ಸಾಕಲು ಬರುವುದಿಲ್ಲ ಎಂದೂ ಆಡಿಕೊಂಡರು. ಕೊನೆಗೆ ಒಬ್ಬ ವೈದ್ಯೆ ಸರಿಯಾಗಿ ಹೇಳಿದಳು. ಗೋಧಿಯಲ್ಲಿ ಗ್ಲುಟೆನ್ ಎಂಬುದೊಂದಿದೆ, ಬಾರ್ಲಿಯಲ್ಲೂ ಇದೆ, ಇನ್ನೂ ಕೆಲವು ಧಾನ್ಯಗಳಲ್ಲಿದೆ. ಈ ಮಗುವಿನ ಕರುಳಿಗೆ ಅದು ವಿಷ. ಚೂರು ಕೂಡ ಬೇಡ, ಬದುಕಿರುವವರೆಗೂ ಬೇಡ.

ಮನೆಗೆ ಬಂದು ಚೀಟಿಯಮ್ಮ ಒಂದು ಹಿಡಿ ಗೋಧಿಹಿಟ್ಟು ಕಲಸಿದಳು. ಆ ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಸುಕುತ್ತ ಹೋದಳು. ಹಾಲಿನಂಥ ನೀರು ಹರಿದು ಹೋಯಿತು, ಹೋಯಿತು, ಕೊನೆಗೆ ಬೆರಳ ನಡುವೆ ಎಳೆದರೆ ಬರುವ, ಬಿಟ್ಟರೆ ಸೇರಿಕೊಳ್ಳುವ ಬೂದು ಬಣ್ಣದ ಮುದ್ದೆಯೊಂದು ಉಳಿಯಿತು. ಸ್ಟೂಲಿನ ಮೇಲೆ ನಿಂತು ನೋಡುತ್ತಿದ್ದ ಗುಬ್ಬಿಗೆ ಅದನ್ನು ತೋರಿಸಿದಳು.

"ನೋಡು, ಇವನೇ ಕಳ್ಳ. ನಿನ್ನ ಹೊಟ್ಟೇಲಿ ಕೂತು ಕಿತಾಪತಿ ಮಾಡೋನು."

ಗುಬ್ಬಿ ಒಂದು ಬೆರಳಿನಿಂದ ಮುಟ್ಟಿ, ಬೆರಳು ಎಳೆದುಕೊಂಡು, ಮೂಗು ಮುರಿದಳು. "ಛೀ, ಅಂಟು!"

ಆ ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು. "ಇದರಲ್ಲಿ ಅಂಟು ಇದೆಯಾ ದೊಡ್ಡಮ್ಮ?" "ಇಲ್ಲ, ತಿನ್ನು." "ಇದರಲ್ಲಿ?" "ಇದೆ, ಮುಟ್ಟಬೇಡ." ಅಕ್ಕಪಕ್ಕದ ಮನೆಗಳಲ್ಲಿ ತಟ್ಟೆ ನೀಡಿದರೆ ಗುಬ್ಬಿ ತಿರುಗಿ ದೊಡ್ಡಮ್ಮನ ಮುಖ ನೋಡುವಳು. ದೊಡ್ಡಮ್ಮ ಅವಳಿಗಿಂತ ಮೊದಲೇ "ಬೇಡ, ಅವಳಿಗೆ ಆಗಲ್ಲ" ಎಂದಿರುತ್ತಿದ್ದಳು. ಶಾಲೆಯಲ್ಲಿ ಹುಟ್ಟುಹಬ್ಬದ ಕೇಕು ಹಂಚುವ ದಿನ ಟೀಚರಿಗೆ ಮೊದಲೇ ಹೇಳಿ ಬರುವಳು. ಮೂಳೆಗೆ ಮಾಂಸ ಹತ್ತಿತು, ಕೆನ್ನೆ ತುಂಬಿತು. ಗುಬ್ಬಿ ಎಂಬ ಹೆಸರು ತಮಾಷೆಗೆ ಉಳಿಯಿತು.

ಗುಬ್ಬಿ ಕಾಲೇಜಿಗೆ ಹೋಗುವ ಹೊತ್ತಿಗೆ ಆಹಾರ ಕಚೇರಿ ಹೊಸ ನಿಯಮ ತಂದಿತು. ಯಾರು ತಿನ್ನಬಾರದು ಎಂಬ ಎಚ್ಚರಿಕೆಯ ಸಾಲಿನಲ್ಲಿ ಪರಭಾಷೆಯ ಪದ ಇರಕೂಡದು, ಜನರಿಗೆ ತಿಳಿಯುವ ಪದವೇ ಇರಬೇಕು. ಗ್ಲುಟೆನ್‌ಗೆ ಏನು ಬರೆಯುವುದೆಂದು ಊರಿನ ಆಮದುದಾರರೆಲ್ಲ ತಲೆ ಕೆರೆದುಕೊಂಡರು. ಒಬ್ಬರು 'ಧಾನ್ಯಸಾರ' ಎಂದು ಬರೆದು ಬೈಸಿಕೊಂಡರು. ಇನ್ನೊಬ್ಬರು ಬರೆದು ತಂದದ್ದನ್ನು ಓದುವಷ್ಟರಲ್ಲಿ ಅಧಿಕಾರಿಗೆ ಉಸಿರು ಕಟ್ಟಿತು. ಚೀಟಿಯಮ್ಮ ಹೋಗಿ ಮೇಜಿನ ಮೇಲೆ ತನ್ನ ಚೀಟಿ ಇಟ್ಟಳು. 'ಎಚ್ಚರಿಕೆ: ಅಂಟು ಇದೆ.'

ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಅಮ್ಮ, ಇದು ಎಲ್ಲಿಂದ ಸಿಕ್ತು ನಿಮಗೆ?"

"ಮನೇಲಿ ನಾವು ಹಾಗೇ ಅನ್ನೋದು ಸಾರ್."

"ಮಗೂಗೂ ಗೊತ್ತಾಗೋ ಹಾಗಿದೆಯಲ್ಲ!"

"ಮಗೂನೇ ಇಟ್ಟ ಹೆಸರು," ಎಂದಳು ಚೀಟಿಯಮ್ಮ. ಎದೆ ಉಬ್ಬಿ ರವಿಕೆ ಬಿಗಿಯಾಯಿತು.

ಆ ಪದ ಕಚೇರಿಯ ಒಪ್ಪಿಗೆಯ ಪದವಾಯಿತು. ಉಳಿದ ಆಮದುದಾರರೂ ಅದನ್ನೇ ಹಿಡಿದರು. ಅಲ್ಲಿಂದ ಚೀಟಿಯಮ್ಮನ ಕನಸಿಗೆ ರೆಕ್ಕೆ ಬಂತು. ಸಂಜೆ ಮನೆಗೆ ಹೋಗುವಾಗ ದೊಡ್ಡ ಅಂಗಡಿಯೊಂದನ್ನು ಹೊಕ್ಕು, ಏನೂ ಕೊಳ್ಳದೆ, ಧಾನ್ಯದ ಪೊಟ್ಟಣಗಳ ಸಾಲಿನ ಮುಂದೆ ಸುಮ್ಮನೆ ನಿಲ್ಲುವಳು. ತಣ್ಣನೆಯ ಬೆಳಕು, ಮೆಲ್ಲಗೆ ಉರುಳುವ ಗಾಡಿಗಳು, ಯಾರದೋ ಮಗುವಿನ ತೊದಲು. ಕಪಾಟಿನ ಉದ್ದಕ್ಕೂ ಅವಳ ಪದ ನಿಂತಿದೆ, ಕಾವಲುಗಾರರ ಹಾಗೆ. ಒಂದು ದಿನ ತಾನು ಇರುವುದಿಲ್ಲ. ಆಗ ಗುಬ್ಬಿ ಇಲ್ಲಿಗೆ ಒಬ್ಬಳೇ ಬರುತ್ತಾಳೆ, ಕೈ ಚಾಚುತ್ತಾಳೆ, ಪೊಟ್ಟಣ ತಿರುಗಿಸುತ್ತಾಳೆ. ದೊಡ್ಡಮ್ಮ ಅಲ್ಲಿಂದಲೇ 'ಮುಟ್ಟಬೇಡ ಕಣೇ' ಎನ್ನುತ್ತಾಳೆ. ಸಾವು ಎಂಬುದು ಇಷ್ಟೇ ಆಗುವುದಾದರೆ ಅದಕ್ಕೆ ಹೆದರಬೇಕಾದ್ದೇನಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಂಗಡಿಯ ಕಾವಲುಗಾರ ಮಾತ್ರ ಈ ಹೆಂಗಸು ಏನೋ ಕದಿಯಲು ಬಂದಿದ್ದಾಳೆಂದು ಅವಳ ಸುತ್ತಲೇ ಸುಳಿದಾಡುವನು.

ಗುಬ್ಬಿಗೆ ಮದುವೆಯಾಯಿತು. ಹುಡುಗ ಕನ್ನಡಕದ ಅಂಗಡಿಯವನು, ಮೆತ್ತಗಿನವನು, ಅವನ ತಾಯಿಯೇ ಮನೆಯ ಯಜಮಾನಿ. ಈ ಬೀಗಿತ್ತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಾರದ ಒಂದು ತುಂಡು ನೆಲದ ಮೇಲೆ ಬಿದ್ದರೂ ಅದು ಅವಳ ಕಣ್ಣಿಗೆ ಬಿದ್ದೇ ತೀರಬೇಕು. ಆ ಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

"ಹುಡುಗಿಗೆ ಗೋಧಿ ಆಗಲ್ಲ ಬೀಗ್ರೇ," ಎಂದು ಚೀಟಿಯಮ್ಮ ಮೊದಲ ದಿನವೇ ಹೇಳಿದ್ದಳು. "ಇನ್ನೂ ಕೆಲವು ಇವೆ. ಅವಳಿಗೇ ಎಲ್ಲಾ ಗೊತ್ತು, ಅವಳೇ ನೋಡ್ಕೋತಾಳೆ."

"ಗೋಧಿ ಒಂದು ತಾನೇ? ಅದೇನು ಬ್ರಹ್ಮವಿದ್ಯೆನಾ?" ಎಂದಳು ಬೀಗಿತ್ತಿ.

ಬ್ರಹ್ಮವಿದ್ಯೆಯೇ ಆಗಿತ್ತು. ಗುಬ್ಬಿ ತನ್ನದೊಂದು ಪಾತ್ರೆ, ತನ್ನದೊಂದು ಸೌಟು ಬೇರೆ ಇಟ್ಟುಕೊಂಡು ತನ್ನ ಪಾಡಿಗೆ ಬೇಯಿಸಿಕೊಳ್ಳುವಳು. ಅತ್ತೆ ಮಾಡಿದ್ದನ್ನು ಮುಟ್ಟಳು. ಸೊಸೆ ಊಟಕ್ಕೆ ಕೂತಾಗ ಬೀಗಿತ್ತಿ ಎದುರಿಗೆ ಕೂತು ಖಾಲಿ ಕೈಗಳನ್ನು ನೋಡಿಕೊಳ್ಳುವಳು. ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟ ಕೈ, ಮನೆಯ ಹುಡುಗಿಗೆ ಒಂದು ತುತ್ತು ಕೊಡಲಾಗದ ಕೈ. "ನನ್ನ ಅಡುಗೆ ಅಂದ್ರೆ ಅಷ್ಟು ಅಸಹ್ಯನಾ?" ಎಂದು ಒಂದು ದಿನ ಮಗನನ್ನು ಕೇಳಿಯೂ ಬಿಟ್ಟಳು. ಮಗ ಕನ್ನಡಕ ಒರೆಸುತ್ತ ಕೂತ. ಇದನ್ನು ಗುಬ್ಬಿ ದೊಡ್ಡಮ್ಮನಿಗೆ ಹೇಳಿದಾಗ ದೊಡ್ಡಮ್ಮ, "ಅನ್ಲಿ ಬಿಡು. ಹೊಟ್ಟೆ ನಿಂದು," ಎಂದಳು. ಹೇಳುವುದು ಅವಳಿಗೇನು, ಸುಲಭ. ಆ ಮೇಜಿನ ಎದುರು ದಿನಾ ಕೂರಬೇಕಾದವಳು ಗುಬ್ಬಿ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಬಿಸಿಲು ಮೇಲಿನ ಗಾಜಿನಿಂದ ಇಳಿದು, ಹಿಟ್ಟಿನ ಧೂಳು ಅದರಲ್ಲಿ ಮೆಲ್ಲಗೆ ಏಳುತ್ತ ಬೀಳುತ್ತ ಇತ್ತು. ಚೀಟಿಯಮ್ಮ ಅದನ್ನೇ ನೋಡುತ್ತ ಯಾವುದೋ ನದಿಯ ದಂಡೆಯಲ್ಲಿದ್ದಳು. ಆಗ ಅಳಿಯನ ಫೋನು ಬಂತು. ಗುಬ್ಬಿ ಆಸ್ಪತ್ರೆಯಲ್ಲಿದ್ದಾಳೆ, ಬೆಳಗಿನಿಂದ ವಾಂತಿ ನಿಂತಿಲ್ಲ, ನೀರು ಕೂಡ ಒಳಗೆ ನಿಲ್ಲುತ್ತಿಲ್ಲ. ಚೀಟಿಯಮ್ಮ ಎದ್ದು ಓಡಿದಳು. ಚಪ್ಪಲಿ ಮೆಟ್ಟಿದಳೋ ಬಿಟ್ಟಳೋ, ಅವಳಿಗೆ ನೆನಪಿಲ್ಲ.

ವಾರ್ಡಿನ ಬಿಳಿ ಹಾಸಿಗೆಯಲ್ಲಿ ಗುಬ್ಬಿ ನಿಜವಾಗಿಯೂ ಗುಬ್ಬಿಯಷ್ಟಾಗಿದ್ದಳು. ಕಣ್ಣು ಒಳಗೆ ಹೋಗಿತ್ತು, ಕೈಗೆ ಸೂಜಿ, ಮೇಲೆ ತೊಟ್ಟಿಕ್ಕುವ ಬಾಟಲಿ. ದೊಡ್ಡಮ್ಮನನ್ನು ನೋಡಿ ತುಟಿ ಅಲುಗಿಸಿ, ಮತ್ತೆ ಕಣ್ಣು ಮುಚ್ಚಿದಳು. ಹೊರಗೆ ಬೆಂಚಿನ ಮೇಲೆ ಬೀಗಿತ್ತಿ ಫಳಫಳ ಹೊಳೆಯುವ ಒಂದು ತಗಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರು ಕೇಳಿದರೂ ತೋರಿಸಲೆಂದು ಮನೆಯಿಂದ ತಂದಿದ್ದಳು ಪಾಪ.

"ನಾನೇನೂ ತಪ್ಪು ಮಾಡಿಲ್ಲ ಬೀಗ್ರೇ, ದೇವರಾಣೆ," ಎಂದು ಶುರುಮಾಡಿದಳು. "ಅವಳಿಗೆ ಅಂತಲೇ ಅಂಗಡಿಗೆ ಹೋದೆ. ಗಂಜಿ ಹಿಟ್ಟು. ಚೀಟಿ ಪೂರ್ತಿ ಓದ್ದೆ, ಅಂಗಡೀಲೇ ನಿಂತು ಒಂದೊಂದು ಅಕ್ಷರ ಓದ್ದೆ. ಓಟ್ಸ್, ಬಾರ್ಲಿ, ಇನ್ನೇನೋ. ಗೋಧಿ ಅಂತ ಎಲ್ಲೂ ಇಲ್ಲ. ಕೊನೇಲಿ ಒಂದು ಎಚ್ಚರಿಕೆ ಇತ್ತು. ಅದನ್ನೂ ಬಿಡಲಿಲ್ಲ ನಾನು."

"ಏನಂತ ಇತ್ತು?" ಚೀಟಿಯಮ್ಮ ಗೊತ್ತಿದ್ದೂ ಕೇಳಿದಳು.

"ಅಂಟು ಇದೆ ಅಂತ. ಅದಕ್ಕೇ ಮನೆಗೆ ಬಂದೋಳೇ ಡಬ್ಬಾನ ಬಿಸಿನೀರಲ್ಲಿ ನೆನೆಸಿ ಚೀಟಿ ಕಿತ್ತೆ. ಸೋಪು ಹಾಕಿ ಉಜ್ಜಿದೆ. ಮತ್ತೆ ಉಜ್ಜಿದೆ. ನೋಡಿ, ಮುಟ್ಟಿ ನೋಡಿ, ಒಂದು ಚೂರು ಅಂಟಿದ್ರೆ ಹೇಳಿ!"

ಚೀಟಿಯಮ್ಮ ಮುಟ್ಟಿ ನೋಡಿದಳು. ಡಬ್ಬ ಕನ್ನಡಿಯಂತೆ ನುಣ್ಣಗಿತ್ತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಈ ಹೆಂಗಸು ಚೀಟಿಯ ಅಂಟನ್ನು ತೊಳೆದಿದ್ದಳು. ಚೀಟಿಯ ಮೇಲೆ 'ಅಂಟು ಇದೆ' ಎಂದು ಬರೆದರೆ ಓದಿದವರು ಮತ್ತೇನು ತಿಳಿಯಬೇಕು?

"ಆ ಚೀಟಿ ಬರೆದೋಳು ನಾನೇ," ಎಂದಳು. ಬೇರೆ ಯಾರದೋ ದನಿಯಂತೆ ಕೇಳಿಸಿತು.

ಬೀಗಿತ್ತಿ ಡಬ್ಬವನ್ನು ನೋಡಿದಳು, ಅವಳನ್ನು ನೋಡಿದಳು. "ಹಾಗಾದ್ರೆ ಅಂಟು ಅಂದ್ರೆ ಅಂಟಲ್ವಾ?"

ಆ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ಅದು ನಗೆಪಾಟಲು. ಚೀಟಿಯಮ್ಮ ಬೀಗಿತ್ತಿಯ ಪಕ್ಕ ಕುಸಿದು ಕೂತಳು. ಇಬ್ಬರೂ ಡಬ್ಬದಲ್ಲಿ ಕಾಣುತ್ತಿದ್ದ ತಮ್ಮ ತಮ್ಮ ಸೊಟ್ಟ ಮುಖ ನೋಡಿದರು.

ಗುಬ್ಬಿಯ ವಾಂತಿ ನಿಂತಿತು, ಜೀವಕ್ಕೆ ಭಯವಿಲ್ಲ ಎಂದರು ವೈದ್ಯರು. ಆದರೆ ಕರುಳು ಮೊದಲಿನಂತಾಗಲು ತಿಂಗಳುಗಳೇ ಬೇಕು, ಇನ್ನೊಂದು ಸಲ ಹೀಗಾಗಬಾರದು ಎಂದು ಮುಖ ಗಂಟಿಕ್ಕಿಕೊಂಡೇ ಹೇಳಿದರು. ಈಗ ಚೀಟಿಯಮ್ಮನಿಗೆ ನಿದ್ದೆ ಹಾರಿತು. ಮರುದಿನ ಅಂಗಡಿ ಅಂಗಡಿ ಸುತ್ತಿದಳು. ಈ ಸಲ ಕಪಾಟಿನ ಮುಂದೆ ಕನಸು ಕಾಣುತ್ತ ನಿಲ್ಲಲಿಲ್ಲ, ಕೊಳ್ಳಲು ಬಂದವರನ್ನು ನಿಲ್ಲಿಸಿ ಕೇಳಿದಳು. ಇದೇನು ಬರೆದಿದೆ, ನಿಮಗೆ ಏನು ಅರ್ಥವಾಯಿತು?

ಒಬ್ಬ ಮುದುಕ, "ಅಂಟುರೋಗ ಇರೋ ಮಾಲನ್ನ ಮಾರೋಕೆ ಹೇಗಮ್ಮ ಬಿಡ್ತಾರೆ?" ಎಂದು ಅವಳ ಮೇಲೇ ರೇಗಿದ. ಒಬ್ಬ ಗೃಹಿಣಿ, "ಗಂಜಿ ಅಂದ್ಮೇಲೆ ಅಂಟದೆ ಇರುತ್ತಾ, ಪಾತ್ರೆ ಬೇಗ ತೊಳೀಬೇಕು ಅಂತ ಹೇಳಿದ್ದಾರೆ," ಎಂದು ಸಮಾಧಾನವಾಗಿ ವಿವರಿಸಿದಳು. ಅಂಗಡಿಯಾತ ಕೈಯಲ್ಲಿದ್ದ ಪೊಟ್ಟಣವನ್ನು ತಿರುಗಿಸಿ ನೋಡಿ, "ಲೇಬಲ್‌ಗೆ ಅಂಟಿದೆಯಲ್ಲ, ಬೀಳಲ್ಲ ಅಂತ," ಎಂದ. ಕಪಾಟಿನ ಉದ್ದಕ್ಕೂ ಕಾವಲಿಗೆ ನಿಂತಿದ್ದ ಅವಳ ಪದ ಯಾರಿಗೂ ಪರಿಚಯವಿರಲಿಲ್ಲ. ಒಂದು ಮನೆಯ ಒಳಗೆ, ಒಂದು ನಲ್ಲಿಯ ಕೆಳಗೆ ಹುಟ್ಟಿದ ಮಾತನ್ನು ಅವಳು ಇಡೀ ಊರಿನ ಮಾತೆಂದುಕೊಂಡಿದ್ದಳು. ಗುಬ್ಬಿಯಂಥ ಇನ್ನೆಷ್ಟು ಮಕ್ಕಳು, ಅವರ ಎದುರು ಎಷ್ಟು ಅಜ್ಜಿಯರು ಡಬ್ಬ ತೊಳೆದು ಗಂಜಿ ಕಾಸಿದ್ದಾರೋ!

ಆಹಾರ ಕಚೇರಿಗೆ ಹೋದಳು. ಅಧಿಕಾರಿ ಕೈ ಆಡಿಸಿದರು. "ಒಪ್ಪಿಗೆಯಾದ ಪದ ಅಮ್ಮ ಅದು. ನೀವೇ ತಂದುಕೊಟ್ಟಿದ್ದು. ಈಗ ನೀವೇ ಬೇಡ ಅಂದ್ರೆ?"

"ಅದು ನಮ್ಮ ಮನೆ ಮಾತು ಸಾರ್. ನನಗೂ ಆ ಹುಡುಗಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಮಗಾದ್ರೂ ನಾನು ಹೇಳಿದ್ಮೇಲೆ ತಾನೇ ಗೊತ್ತಾಗಿದ್ದು?"

ಅಧಿಕಾರಿ ಒಳ್ಳೆಯ ಮನುಷ್ಯ, ತಮ್ಮ ತಪ್ಪು ಎದುರಿಗೆ ಬಂದು ಕೂತರೆ ಅದಕ್ಕೆ ಕುರ್ಚಿ ಕೊಡುವಷ್ಟು ಒಳ್ಳೆಯವರು. "ಸರಿ, ಏನು ಬರೆಯೋಣ?" ಎಂದರು. ಅವಳು ಅಂದವಾದ ಪದ ಹುಡುಕಲಿಲ್ಲ. ಒಂದು ಸಾಲು ಬರೆದು, ಕಚೇರಿಯ ಜವಾನನನ್ನು ಕರೆದು ಓದಿಸಿದಳು, ಚಹಾ ತಂದ ಹೆಂಗಸಿನಿಂದ ಓದಿಸಿದಳು, ತಮ್ಮ ಸರದಿಗೆ ಕಾದು ಕೂತವರಿಂದೆಲ್ಲ ಓದಿಸಿದಳು. ಎಲ್ಲರಿಗೂ ಒಂದೇ ಅರ್ಥ ಹೊಳೆದ ಮೇಲೆ ಒಪ್ಪಿದಳು. 'ಗೋಧಿ ಆಗದವರಿಗೆ ಇದೂ ಆಗದು.'

ಮಾಲನ್ನು ಅಂಗಡಿಗಳಿಂದ ವಾಪಸು ತರಿಸಬೇಕೆಂದಾಗ ಸಾಹುಕಾರರು ತಲೆಯ ಮೇಲೆ ಕೈ ಹೊತ್ತು ಕೂತರು. ಚೀಟಿಯಮ್ಮನನ್ನು ಬಾಯಿಗೆ ಬಂದಂತೆ ಬೈದರು. ಬೈದು ಮುಗಿದ ಮೇಲೆ ತಾವೇ ಲಾರಿಯವನಿಗೆ ಫೋನು ಮಾಡಿದರು. ಕೆಲವು ದಿನ ಗೋದಾಮಿನಲ್ಲಿ ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಹಚ್ಚುವುದೇ ಕೆಲಸವಾಯಿತು. ಪೆಟ್ಟಿಗೆ ತೆರೆದಾಗ ಹೊಲ ಕಾಣಲಿಲ್ಲ. ಅವಳೂ ಹುಡುಕಲಿಲ್ಲ.

ಗುಬ್ಬಿ ಸುಧಾರಿಸಿಕೊಳ್ಳಲೆಂದು ದೊಡ್ಡಮ್ಮನ ಮನೆಗೆ ಬಂದಿದ್ದಳು. ಕಿಟಕಿಯ ಪಕ್ಕ ದಿಂಬಿಗೆ ಒರಗಿ, ಹೊರಗೆ ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಗಳು ಗಾಳಿಗೆ ಉಬ್ಬಿ ಮನುಷ್ಯರ ಆಕಾರ ತಾಳುವುದನ್ನು ನೋಡುತ್ತಿದ್ದಳು. ಮನೆಯೆಲ್ಲ ಅಕ್ಕಿ ಗಂಜಿಯ ಬಿಸಿ ವಾಸನೆ. ಚೀಟಿಯಮ್ಮ ಹೊಸ ಚೀಟಿಯೊಂದನ್ನು ತಂದು ಅವಳ ಕೈಗಿಟ್ಟಳು.

"ಇನ್ನು ಯಾರೂ ಮೋಸ ಹೋಗಲ್ಲ ಕಣೇ. ನನ್ನನ್ನ ಕ್ಷಮಿಸಿಬಿಡು. ನನ್ನ ಮಾತೇ ನಿನ್ನನ್ನ ಮಲಗಿಸ್ತು."

ಗುಬ್ಬಿ ಚೀಟಿ ಓದಿದಳು. ಮಡಿಸಿದಳು, ಬಿಡಿಸಿದಳು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು.

"ನಾನು ನೋಡಿದ್ದೆ ದೊಡ್ಡಮ್ಮ."

"ಏನನ್ನ?"

"ಚೀಟೀನ. ಅತ್ತೆ ಡಬ್ಬ ನೆನೆಸಿದ್ರಲ್ಲ, ನಾನು ನೀರು ಕುಡಿಯೋಕೆ ಅಂತ ಒಳಗೆ ಹೋದೆ. ಚೀಟಿ ಬಿಟ್ಟು ಬಂದು ನೀರಲ್ಲಿ ತೇಲ್ತಾ ಇತ್ತು. ನಮ್ಮ ಅಂಟು ಅದರ ಮೇಲೆ ಕಾಣಿಸ್ತು. ಎಷ್ಟು ಖುಷಿ ಆಯ್ತು ಗೊತ್ತಾ, ನೀನೇ ಬಂದು ನಿಂತ ಹಾಗೆ."

ಚೀಟಿಯಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೂರಲು ಜಾಗ ಹುಡುಕಿದಳು. "ಗೊತ್ತಿದ್ದೂ ತಿಂದ್ಯಾ? ಯಾಕೆ ಕಣೇ? ಸಾಯೋಕಾ?"

"ಅತ್ತೆ ಬಟ್ಟಲು ಹಿಡ್ಕೊಂಡು ನಿಂತಿದ್ರು. ಸೆರಗಲ್ಲಿ ಕೈ ಒರೆಸ್ಕೊಂಡು, 'ನಿನಗೇ ಅಂತ ಮಾಡಿದ್ದು, ಗೋಧಿ ಇಲ್ಲ, ಓದಿ ತಂದಿದೀನಿ' ಅಂದ್ರು. ಮದುವೆ ಆದಾಗಿಂದ ಅವರ ಮುಖದಲ್ಲಿ ಆ ನಗೂನ ನಾನು ನೋಡೇ ಇರಲಿಲ್ಲ." ಗುಬ್ಬಿಯ ದನಿ ಸಣ್ಣದಾಯಿತು. "ಓದೋಕೆ ಬಂತು ದೊಡ್ಡಮ್ಮ. ಬೇಡ ಅನ್ನೋಕೆ ಬರಲಿಲ್ಲ."

ಒಲೆಯ ಮೇಲೆ ಗಂಜಿ ಉಕ್ಕಿತು. ಚೀಟಿಯಮ್ಮ ಎದ್ದು ಹೋಗಿ ಉರಿ ಸಣ್ಣ ಮಾಡಿ, ಅಲ್ಲೇ ಗೋಡೆಗೆ ಒರಗಿ ನಿಂತಳು. ನೆರೆಮನೆಯ ತಟ್ಟೆಗಳು, ಶಾಲೆಯ ಕೇಕುಗಳು, ಕಾಲೇಜಿನ ಗೆಳತಿಯರ ಡಬ್ಬಿಗಳು ಒಂದೊಂದಾಗಿ ಕಣ್ಣ ಮುಂದೆ ಹಾದುಹೋದವು. ಪ್ರತಿಯೊಂದಕ್ಕೂ ಬೇಡ ಎಂದವಳು ತಾನು. ಮಗುವಿಗೆ ಅದನ್ನು ಹೇಳುವ ಪ್ರಸಂಗವೇ ಬರದಂತೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಮೊದಲೇ ಹೋಗಿ ಹೇಳಿ ಬಂದಿದ್ದಳು. ಗುಬ್ಬಿಗೆ ಧಾನ್ಯಗಳ ಹೆಸರೆಲ್ಲ ಬಾಯಿಪಾಠ. ಪ್ರೀತಿಯಿಂದ ಕೊಟ್ಟ ಬಟ್ಟಲನ್ನು ದೂರ ಸರಿಸುವುದು ಹೇಗೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ಚೀಟಿಯಮ್ಮನಿಗೆ ದುಃಖ ಒತ್ತರಿಸಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಆ ಕಡೆ ಕ್ಷೀಣವಾಗಿ "ದೊಡ್ಡಮ್ಮ, ಗಂಜಿ ಸೀಯ್ತಾ ಇದೆ" ಎಂದು ಕೇಳಿಸುವವರೆಗೂ ಅತ್ತಳು.

ಗುಬ್ಬಿಯನ್ನು ವಾಪಸು ಬಿಟ್ಟುಬರಲು ಅವಳೇ ಜೊತೆಗೆ ಹೋದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಹೊರಗೆ ಬೆಳಗಿನ ಮಂಜಿನಲ್ಲಿ ಮನೆಗಳು ಅರ್ಧ ಕರಗಿದಂತೆ ಕಾಣುತ್ತಿದ್ದವು, ದಾರಿಯ ಬೋರ್ಡುಗಳಲ್ಲಿ ಅಕ್ಷರವಿರಲಿಲ್ಲ, ಬರೀ ಬಣ್ಣ. ಏನೋ ಒಂದು ಮಾತು ಚೀಟಿಯಮ್ಮನ ನಾಲಗೆಯ ತುದಿಗೆ ಎಷ್ಟು ಸಲ ಬಂತೋ. ಹೇಳಲಿಲ್ಲ.

ಬೀಗಿತ್ತಿ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಮೇಜಿನ ಮೇಲೆ ಹೊಸ ಪೊಟ್ಟಣ, ಚೀಟಿ ಕೀಳದೆ ಹಾಗೇ ಇಟ್ಟಿದ್ದಳು. "ಅಕ್ಕಿಯ ಗಂಜಿ ಹಿಟ್ಟು ಬೀಗ್ರೇ, ಬರೀ ಅಕ್ಕಿ. ನಿಮ್ಮ ಹೊಸ ಸಾಲು ಇದರ ಮೇಲಿಲ್ಲ. ಇಲ್ಲ ಅಂದ್ರೆ ಆಗುತ್ತೆ ಅಂತ ತಾನೇ ಅರ್ಥ? ಅಂಗಡಿಯವನ ಹತ್ರ ಓದಿಸಿದೆ, ಮಗನ ಹತ್ರ ಓದಿಸಿದೆ, ಪಕ್ಕದ ಮನೆಯವರ ಹತ್ರಾನೂ ಓದಿಸಿದೆ."

"ಸರಿಯಾಗಿ ಓದಿದೀರಿ ಬೀಗ್ರೇ," ಎಂದಳು ಚೀಟಿಯಮ್ಮ. ನಿಜವಾಗಿಯೂ ಸರಿಯಿತ್ತು.

ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ಮಗನಿಗೆ ಗೋಧಿ ರವೆಯ ಗಂಜಿ, ಒಂದರಲ್ಲಿ ಸೊಸೆಗೆ ಅಕ್ಕಿಯದು. ಬೀಗಿತ್ತಿ ಸಂಭ್ರಮದಲ್ಲಿ ಅತ್ತಿತ್ತ ಓಡಾಡುತ್ತ, ಮಗನಿಗೆ ಬಡಿಸಿ, ಅದೇ ಸೌಟನ್ನು ಸೊಸೆಯ ಪಾತ್ರೆಯಲ್ಲಿ ಅದ್ದಿ, ಬಟ್ಟಲು ತುಂಬಿಸಿ ಗುಬ್ಬಿಯ ಮುಂದೆ ಇಟ್ಟಳು. ಹಬೆ ಏಳುತ್ತಿತ್ತು. ಕೈ ಒರೆಸಿಕೊಂಡು ಎದುರಿಗೆ ನಿಂತಳು. ಮುಖದ ತುಂಬ ನಗು.

ಚೀಟಿಯಮ್ಮ ಸೌಟನ್ನು ನೋಡಿದ್ದಳು. ಗುಬ್ಬಿಯೂ ನೋಡಿದ್ದಳು. ಗುಬ್ಬಿ ಮೆಲ್ಲಗೆ ತಿರುಗಿ ದೊಡ್ಡಮ್ಮನ ಮುಖ ನೋಡಿದಳು, ಸ್ಟೂಲಿನ ಮೇಲೆ ನಿಲ್ಲುತ್ತಿದ್ದ ಕಾಲದಲ್ಲಿ ನೋಡುತ್ತಿದ್ದಂತೆಯೇ. 'ಬೇಡ, ಅವಳಿಗೆ ಆಗಲ್ಲ' ಎಂಬ ಮಾತು ಚೀಟಿಯಮ್ಮನ ಹಲ್ಲಿನ ಹಿಂದೆ ಬಂದು ನಿಂತಿತು. ಜೀವಮಾನವಿಡೀ ಇಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ತುಟಿ ಕಚ್ಚಿಕೊಂಡು, ಸೀರೆಯ ನೆರಿಗೆ ನೋಡುತ್ತ ತಲೆ ತಗ್ಗಿಸಿ ಕೂತಳು. ಹುಡುಗಿ ಚಮಚ ಎತ್ತಿಕೊಂಡ ಸದ್ದಾಯಿತು.

ಚಮಚ ಮತ್ತೆ ಮೇಜಿಗೆ ಇಳಿಯಿತು.

"ಬೇಡ ಅತ್ತೆ."

ಬೀಗಿತ್ತಿಯ ನಗು ಅಲ್ಲೇ ನಿಂತುಹೋಯಿತು. "ಯಾಕೆ? ಅಕ್ಕಿ ಇದು. ಬೀಗ್ರೂ ಸರಿ ಅಂದ್ರಲ್ಲ."

"ಗಂಜಿ ಸರಿಯಿದೆ ಅತ್ತೆ. ಆ ಸೌಟು ಇವರ ಪಾತ್ರೇಲಿ ಇತ್ತು." ಗುಬ್ಬಿಯ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಅಷ್ಟು ಅಂಟಿದ್ರೂ ನನಗೆ ಆಗಲ್ಲ. ನೀವು ಮಾಡಿದ್ದನ್ನ ತಿನ್ನಬೇಕು ಅಂತ ತುಂಬಾ ಆಸೆ. ಆದ್ರೆ ಇದು ಬೇಡ."

ಬೀಗಿತ್ತಿ ಸೌಟನ್ನು ನೋಡಿದಳು. ಕುರ್ಚಿ ಎಳೆದು ಕೂತಳು. ಅಳಿಯ ತನ್ನ ಬಟ್ಟಲಿನಲ್ಲಿ ಚಮಚ ಆಡಿಸುವುದನ್ನು ಬಿಟ್ಟ. ಹೊರಗೆ ಮಂಜು ಹರಿದು ಬಿಸಿಲು ಒಳಗೆ ಬರುತ್ತಿತ್ತು, ಹೊಲಿಗೆ ಯಂತ್ರದ ಮೇಲೆ, ಅರ್ಧ ಹೊಲಿದ ಯಾರದೋ ಅಂಗಿಯ ಮೇಲೆ. ಬೀಗಿತ್ತಿಯ ಕಣ್ಣು ತುಂಬಿತು.

"ಇದನ್ನ ಅವತ್ತೇ ಹೇಳಬಾರದಿತ್ತಾ ಹುಡುಗಿ," ಎಂದಳು. "ನಾನೇನು ನಿನ್ನ ನುಂಗಿಬಿಡ್ತಿದ್ನಾ?"

ಅವಳು ಎದ್ದು, ಸೊಸೆಗಾಗಿ ಮಾಡಿದ್ದ ಗಂಜಿಯನ್ನು ಪಾತ್ರೆಸಮೇತ ಪಕ್ಕಕ್ಕಿಟ್ಟು, ಬೇರೆ ಪಾತ್ರೆ ತೆಗೆದು ಉಜ್ಜಿ ತೊಳೆದಳು. ಹೊಸದಾಗಿ ನೀರು ಕಾಯಲು ಇಟ್ಟಳು. ಆಮೇಲೆ ಗೂಡಿನಿಂದ ಸೌಟುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೇ ಕೈಯಲ್ಲಿ ಎತ್ತಿ ಹಿಡಿದು ಕೇಳತೊಡಗಿದಳು.

"ಇದು ಆಗುತ್ತಾ? ಇದು?"

ಕೇಳುತ್ತಿದ್ದುದು ಚೀಟಿಯಮ್ಮನನ್ನಲ್ಲ, ಗುಬ್ಬಿಯನ್ನು.